ಗುಮ್ಮಟದ ಕೆಳಗಿನ ಗೂಟ: ಹಳೇ ಕಟ್ಟಡಗಳ ಕಮಾನು ಚಾವಣಿಯನ್ನು ಡಿಜಿಟಲ್ ಆಗಿ ಅಳೆಯುವ ಸಮಗ್ರ ಮಾರ್ಗದರ್ಶಿ

ತುಮಕೂರಿನಿಂದ ಶಿರಾಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಹೋದವರು ಮಲಿಕ್ ರಿಹಾನ್ ದರ್ಗಾ ನೋಡುತ್ತಾರೆ, ಜಾಮಿಯಾ ಮಸೀದಿ ನೋಡುತ್ತಾರೆ, ಕತ್ತೆತ್ತಿ ಗುಮ್ಮಟವನ್ನೂ ಒಂದು ಸಲ ನೋಡುತ್ತಾರೆ. ‘ಎಷ್ಟು ಚೆನ್ನಾಗಿದೆ ಅಲ್ವಾ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ. ಆಮೇಲೊಂದು ದಿನ ನಮ್ಮ ಬೀದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯೊಬ್ಬರು ಬಾಗಿಲಿಗೆ ಕಮಾನು ಗೀಚುವುದನ್ನು ನೋಡಿದೆ. ಪ್ಲೈವುಡ್ ಹಲಗೆಗೆ ಒಂದು ಮೊಳೆ ಹೊಡೆದರು. ಅದಕ್ಕೆ ದಾರ ಕಟ್ಟಿದರು. ದಾರದ ತುದಿಗೆ ಪೆನ್ಸಿಲ್ ಸಿಕ್ಕಿಸಿ ಒಂದು ಸುತ್ತು ತಿರುಗಿಸಿದರು. ಅಷ್ಟೇ. ಗುಮ್ಮಟ ಕಟ್ಟಿದವರ ಕೈಯಲ್ಲೂ ಇದ್ದದ್ದು ಇಂಥದ್ದೇ ಹಗ್ಗ, ಇಂಥದ್ದೇ ಗೂಟ. ಹಾಗಾದರೆ ಅವರು ಗೂಟವನ್ನು ಎಲ್ಲಿ ನೆಟ್ಟಿದ್ದರು? ಹಗ್ಗ ಎಷ್ಟುದ್ದ ಇತ್ತು?

ಈ ಎರಡು ಪ್ರಶ್ನೆಗೆ ಉತ್ತರ ಹುಡುಕುವ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಕ್ಯಾಮೆರಾ, ಲೇಸರ್, ಸಾಫ್ಟ್‌ವೇರ್ ಎಲ್ಲ ಬರುತ್ತವೆ. ಹುಡುಕುವುದು ಮಾತ್ರ ಗೂಟವನ್ನು. ಅದನ್ನು ಮರೆತು ಹೊರಟರೆ ತಿರುಗಿಸಿ ನೋಡಲು ಚಂದದ ಬಣ್ಣದ ಮಾಡೆಲ್ ಒಂದು ಸಿಗುತ್ತದೆ, ಬೇರೇನೂ ಸಿಗುವುದಿಲ್ಲ.

ಈ ಹುಡುಕಾಟ ಹಳೆಯದು. ಸಮರಕಂದದಲ್ಲಿದ್ದ ಗಣಿತಜ್ಞ ಜಮ್‌ಶೀದ್ ಅಲ್ ಕಾಶಿ 1427ರಲ್ಲಿ ಮುಗಿಸಿದ ಲೆಕ್ಕದ ಪುಸ್ತಕದಲ್ಲಿ ಕಮಾನು ಎಳೆಯುವ ಐದು ಬಗೆಗಳನ್ನು ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ರಾಬರ್ಟ್ ವಿಲ್ಲಿಸ್ 1842ರಲ್ಲಿ ಮಧ್ಯಯುಗದ ಚರ್ಚುಗಳ ಕಮಾನು ಚಾವಣಿಗಳನ್ನು ಹೇಗೆ ಎಳೆದು ಕಟ್ಟಿದ್ದರು ಎಂದು ಬರೆದ. ಈಚೆಗೆ ಲಿವರ್‌ಪೂಲ್ ವಿಶ್ವವಿದ್ಯಾಲಯದವರು ಅದೇ ಕೆಲಸವನ್ನು ಲೇಸರ್ ಸ್ಕ್ಯಾನರ್ ಹಿಡಿದು ಮುಂದುವರಿಸಿದ್ದಾರೆ. ಅವರಿಗೆ ಒಂದು ಅನುಕೂಲ ಇದೆ. ಅಲ್ಲಿನ ಚಾವಣಿಗಳಲ್ಲಿ ಪಕ್ಕೆಲುಬಿನ ಹಾಗೆ ಕಲ್ಲಿನ ಪಟ್ಟಿಗಳು ಎದ್ದು ಕಾಣುತ್ತವೆ. ಆ ಪಟ್ಟಿಯ ಅಂಚು ಹಿಡಿದು ಗೆರೆ ಎಳೆದರೆ ಕಮಾನಿನ ಆಕಾರ ಕೈಗೆ ಬರುತ್ತದೆ. ನಮ್ಮ ಕಡೆಯ ಗುಮ್ಮಟಗಳ ಒಳಮೈಗೆ ನುಣ್ಣಗೆ ಗಾರೆ ಬಳಿದು ಸುಣ್ಣ ಹೊಡೆದಿರುತ್ತಾರೆ. ಹಿಡಿಯಲು ಗೆರೆಯೇ ಇಲ್ಲ. ನಮ್ಮ ಕೆಲಸ ಸ್ವಲ್ಪ ಬೇರೆ.

ಮೊದಲು: ಅದು ನಿಜವಾಗಿ ಕಮಾನೇ?

ಬಟ್ಟಲಿನ ಹಾಗೆ ಕಂಡದ್ದೆಲ್ಲ ಗುಮ್ಮಟ ಆಗುವುದಿಲ್ಲ. ತುರುವೇಕೆರೆ, ಅರಳಗುಪ್ಪೆಯ ಹೊಯ್ಸಳ ಗುಡಿಗಳಲ್ಲಿ ನವರಂಗದ ಕೆಳಗೆ ನಿಂತು ನೋಡಿ. ಕಮಲದ ಮೊಗ್ಗು ಇಳಿಬಿಟ್ಟ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಚಾವಣಿ, ಗುಮ್ಮಟದ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಕಲ್ಲುಗಳನ್ನು ಮಟ್ಟಸವಾಗಿ ಮಲಗಿಸಿ, ಪ್ರತಿ ವರಸೆಯನ್ನೂ ಕೆಳಗಿನದಕ್ಕಿಂತ ಒಂದಿಷ್ಟು ಮುಂದೆ ಚಾಚಿ, ಕೊನೆಗೆ ಒಂದು ಕಲ್ಲು ಮುಚ್ಚಿದ್ದಾರೆ. ಭಾರ ನೇರವಾಗಿ ತೊಲೆಗೆ, ತೊಲೆಯಿಂದ ಕಂಬಕ್ಕೆ ಇಳಿಯುತ್ತದೆ. ಗೋಡೆಯನ್ನು ಹೊರಕ್ಕೆ ತಳ್ಳುವುದಿಲ್ಲ. ಅದೇ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ 9ನೇ ಶತಮಾನದ ಚಾವಣಿ ಇದೆ. ನಡುವೆ ಕುಣಿಯುವ ಶಿವ, ಸುತ್ತ ದಿಕ್ಪಾಲಕರು. ನೋಡುತ್ತಾ ನಿಂತರೆ ಕತ್ತು ನೋವು ಬಂದರೂ ಇಳಿಸಲು ಮನಸ್ಸಾಗುವುದಿಲ್ಲ. ಆದರೆ ಅದು ಚಪ್ಪಟೆ ಚಾವಣಿ. ಅಲ್ಲಿ ಹಗ್ಗ ಗೂಟದ ಪ್ರಶ್ನೆಯೇ ಏಳುವುದಿಲ್ಲ.

ನಿಜವಾದ ಕಮಾನಿನಲ್ಲಿ ಕಲ್ಲು ಅಥವಾ ಇಟ್ಟಿಗೆಯ ಸಂದುಗಳು ಕೇಂದ್ರದ ಕಡೆಗೆ ಮುಖ ಮಾಡಿರುತ್ತವೆ. ಒಂದನ್ನೊಂದು ಒತ್ತಿ ಹಿಡಿದು ನಿಲ್ಲುತ್ತವೆ, ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಪರೀಕ್ಷೆ ಸುಲಭ. ಗಾರೆ ಉದುರಿದ ಕಡೆ ಜೂಮ್ ಮಾಡಿ ಒಂದು ಫೋಟೋ ತೆಗೆಯಿರಿ. ಸಂದು ಅಡ್ಡಡ್ಡ ಮಟ್ಟಸವಾಗಿದ್ದರೆ ಚಾಚುಗಲ್ಲಿನ ಕೆಲಸ. ಓರೆಯಾಗಿ ಒಳಕ್ಕೆ ನೋಡುತ್ತಿದ್ದರೆ ಕಮಾನು.

ಮೂರನೆಯದೊಂದಿದೆ. ಬ್ರಿಟಿಷರ ಕಾಲದ ಆಫೀಸು, ಗೋದಾಮುಗಳಲ್ಲಿ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ತಗ್ಗು ಕಮಾನುಗಳು ಸಾಲಾಗಿ ಕಾಣುತ್ತವಲ್ಲ, ಆ ಜಾಕ್ ಆರ್ಚ್ ತಾರಸಿ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎತ್ತರ ಕಡಿಮೆ, ಯಾರ ದೊಡ್ಡ ಅನುಮತಿಯೂ ಬೇಡ, ಒಂದು ಕೆಟ್ಟರೆ ಪಕ್ಕದಲ್ಲಿ ಇನ್ನೊಂದು ಇದೆ. ನಾವು ಮೊದಲು ಕೈ ಪಳಗಿಸಿಕೊಂಡದ್ದು ಪರಿಚಯದವರ ಹಳೇ ಗೋದಾಮಿನಲ್ಲಿ, ಹುಣಸೆ ಮೂಟೆಗಳ ನಡುವೆ.

ಪ್ರಶ್ನೆಯನ್ನು ಕಾಗದದ ಮೇಲೆ ಬರೆಯಿರಿ

ಒಂದೇ ಸಾಲು ಸಾಕು. ಶಿರಾವನ್ನೇ ತೆಗೆದುಕೊಳ್ಳಿ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಊರನ್ನು ಗೆದ್ದ. ಬಿಜಾಪುರದ ಪರವಾಗಿ ಆಳುತ್ತಿದ್ದ ಮಲಿಕ್ ರಿಹಾನನ ಗೋರಿ 1651ರ ಹೊತ್ತಿನದು. ಬಿಜಾಪುರದಲ್ಲಿ ಗೋಳಗುಮ್ಮಟದ ಕೆಲಸ ನಡೆಯುತ್ತಿದ್ದ ಕಾಲ ಅದು. 1687ರಲ್ಲಿ ಶಿರಾ ಮೊಗಲರ ಕೈಗೆ ಹೋಗಿ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಆಯಿತು. ಜಾಮಿಯಾ ಮಸೀದಿ ಕಟ್ಟಿದ್ದು 1696ರಲ್ಲಿ. ಎರಡು ಕಟ್ಟಡಗಳ ನಡುವೆ 45 ವರ್ಷ, ಎರಡು ಬೇರೆ ದರ್ಬಾರು. ಆದರೆ ಕಲ್ಲು ಕಡೆದವರು? ಅವರೂ ಬದಲಾದರೇ, ಇಲ್ಲಾ ಅದೇ ಊರಿನ ಮೇಸ್ತ್ರಿಗಳು ಅದೇ ಹಗ್ಗದಲ್ಲಿ ಅದೇ ಗೆರೆ ಎಳೆದರೇ? ನನಗೆ ಈ ಪ್ರಶ್ನೆ ತುಂಬಾ ಇಷ್ಟ. ಎರಡೂ ಕಡೆಯ ವಕ್ರರೇಖೆ ಅಳೆದು ಪಕ್ಕಪಕ್ಕ ಇಟ್ಟರೆ ಉತ್ತರದ ಒಂದು ತುದಿಯಾದರೂ ಕಂಡೀತು.

ಪ್ರಶ್ನೆ ಇದ್ದರೆ ಎಷ್ಟು ನಿಖರತೆ ಬೇಕು ಅನ್ನುವುದೂ ತಾನಾಗಿ ತಿಳಿಯುತ್ತದೆ. ಗೂಟ ಹುಡುಕಲು ಸಾಮಾನ್ಯವಾಗಿ 1 ಸೆಂಟಿಮೀಟರ್ ಒಳಗಿನ ತಪ್ಪು ಸಾಕು. ಬಿರುಕು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆಯೇ ಅಂತ ನೋಡಬೇಕಾದರೆ ಅಷ್ಟು ಸಾಲದು. ಅದು ಎಂಜಿನಿಯರುಗಳ ಕೆಲಸ.

ಅನುಮತಿ

ಶಿರಾದ ಈ ಎರಡೂ ಕಟ್ಟಡಗಳು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಬರಿಗೈಯಲ್ಲಿ ಕ್ಯಾಮೆರಾ ಹಿಡಿದು ಫೋಟೋ ತೆಗೆಯುವುದು ಬೇರೆ, ಟ್ರೈಪಾಡ್ ಇಟ್ಟು ಲೈಟು ಹಾಕಿ ಅಳೆಯುವುದು ಬೇರೆ. ಎರಡನೆಯದಕ್ಕೆ ಬೆಂಗಳೂರು ವೃತ್ತದ ಕಚೇರಿಗೆ ಪತ್ರ ಬರೆಯಬೇಕು. ಅದು ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ. ರಾಜ್ಯ ಇಲಾಖೆಯ ಸ್ಮಾರಕವಾದರೆ ಮೈಸೂರಿನ ಪುರಾತತ್ವ ಇಲಾಖೆಗೆ. ಪತ್ರದಲ್ಲಿ ದಿನ, ಎಷ್ಟು ಜನ, ಯಾವ ಸಾಮಾನು, ಗೋಡೆಗೆ ಏನನ್ನೂ ಅಂಟಿಸುವುದಿಲ್ಲ, ಫಲಿತಾಂಶದ ಒಂದು ಪ್ರತಿ ಕೊಡುತ್ತೇವೆ, ಇಷ್ಟು ಇರಲಿ.

ಕಾಗದದ ಅನುಮತಿ ಸಿಕ್ಕ ಮೇಲೂ ಜಾಗದಲ್ಲಿರುವವರನ್ನು ಕೇಳಿ. ದರ್ಗಾದಲ್ಲಿ ಮುಜಾವರ್ ಇರುತ್ತಾರೆ, ಗುಡಿಯಲ್ಲಿ ಅರ್ಚಕರು. ಶುಕ್ರವಾರ ಮಸೀದಿಗೆ ಹೋಗಬೇಡಿ. ಗುಡಿಯಾದರೆ ಹಬ್ಬ, ಜಾತ್ರೆ ಬಿಟ್ಟು ನೋಡಿ. ಇನ್ನೊಂದು ವಿಷಯ, ಹಾಸ್ಯಕ್ಕೆ ಹೇಳುತ್ತಿಲ್ಲ: ಒಳಗೆ ಹೋಗುವ ಮೊದಲು ಕಮಾನಿನ ಹೊರಗೆ, ಮೂಲೆಗಳಲ್ಲಿ ಹೆಜ್ಜೇನು ಇದೆಯಾ ನೋಡಿ. ಇದ್ದರೆ ಆ ದಿನ ವಾಪಸ್ ಬನ್ನಿ. ಬಾವಲಿ ಇದ್ದರೆ ಮಾಸ್ಕ್ ಹಾಕಿಕೊಳ್ಳಿ.

ಸಾಮಾನು

ಲೇಸರ್ ಸ್ಕ್ಯಾನರ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದೇ. ನಡುವೆ ಒಂದು ಸಲ, ನಾಲ್ಕು ಮೂಲೆಯಲ್ಲಿ ಒಂದೊಂದು ಸಲ ಇಟ್ಟರೆ ಒಂದು ಕೋಣೆಯ ಗುಮ್ಮಟ ಅರ್ಧ ದಿನದಲ್ಲಿ ಮುಗಿಯುತ್ತದೆ. ಕೆಲವೇ ಮಿಲಿಮೀಟರ್ ತಪ್ಪಿನಲ್ಲಿ ಲಕ್ಷಾಂತರ ಚುಕ್ಕಿಗಳು ಸಿಗುತ್ತವೆ. ಹೀಗೆ ಸಿಗುವ ಚುಕ್ಕಿಗಳ ರಾಶಿಗೇ ಪಾಯಿಂಟ್ ಕ್ಲೌಡ್ ಅನ್ನುವುದು. ಬಾಡಿಗೆ ಮಾತ್ರ ನಮ್ಮಂಥವರ ಜೇಬಿಗೆ ಭಾರ.

ಫೋನಿನ ಲೈಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಸೆನ್ಸರ್, ಅದರ ಬಗ್ಗೆ ಎಲ್ಲರೂ ಕೇಳುತ್ತಾರೆ. 2020ರ ಐಫೋನ್ 12 ಪ್ರೋದಿಂದ ಈಚೆಗೆ ಐಫೋನಿನ ಪ್ರೋ ಮಾದರಿಗಳಲ್ಲಿ ಅದು ಇದೆ. ಆದರೆ ಅದರ ಕಣ್ಣು ಸುಮಾರು 5 ಮೀಟರ್ ದಾಟುವುದಿಲ್ಲ. ಗುಮ್ಮಟದ ನೆತ್ತಿ ಬಹಳ ಸಲ ಅದಕ್ಕಿಂತ ಮೇಲಿರುತ್ತದೆ. ಗೋದಾಮಿನ ಜಾಕ್ ಆರ್ಚ್‌ಗೆ, ಅದೂ ಅಂದಾಜಿಗೆ, ಪರವಾಗಿಲ್ಲ.

ಉಳಿಯುವುದು ಫೋಟೋಗಳಿಂದ ಅಳೆಯುವ ಫೋಟೋಗ್ರಾಮೆಟ್ರಿ. ಒಂದೇ ಜಾಗವನ್ನು ಬೇರೆ ಬೇರೆ ಕಡೆಯಿಂದ ತೆಗೆದ ಫೋಟೋಗಳಲ್ಲಿ ಒಂದೇ ಗುರುತನ್ನು ಹುಡುಕಿ, ಅದು ಎಲ್ಲಿದೆ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಇದಕ್ಕೆ ಬೇಕಾದದ್ದು: ಲೆನ್ಸ್ ಬದಲಿಸಬಹುದಾದ ಒಂದು ಸಾಧಾರಣ ಕ್ಯಾಮೆರಾ, ಜೂಮ್ ಇಲ್ಲದ 24 ಮಿಲಿಮೀಟರ್ ಲೆನ್ಸ್, ಟ್ರೈಪಾಡ್, ಎರಡು ಎಲ್‌ಇಡಿ ಲೈಟು, ಲೇಸರ್ ಟೇಪು, ತೂಗುಗುಂಡು, ರಸಮಟ್ಟ. ಜೊತೆಗೆ ಮೂರು ಅಲ್ಯೂಮಿನಿಯಂ ಪಟ್ಟಿಗಳು. ಇವುಗಳ ಕಥೆ ಮುಂದಿದೆ. ಟ್ರೈಪಾಡಿಗೆ ಅನುಮತಿ ಸಿಗದಿದ್ದರೆ ಒಂದು ಬಟ್ಟೆ ಚೀಲಕ್ಕೆ ಎರಡು ಕೆಜಿ ರಾಗಿ ತುಂಬಿಸಿ, ನೆಲದ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಮಲಗಿಸಿ. ಬೇಕಾದ ಓರೆಗೆ ಕೂರುತ್ತದೆ, ಅಲ್ಲಾಡುವುದಿಲ್ಲ.

ಕ್ಯಾಮೆರಾ ಸಾಕೇ ಅಂತ ಹೀಗೆ ಲೆಕ್ಕ ಹಾಕಿ. ಸೆನ್ಸರಿನ ಒಂದು ಪಿಕ್ಸೆಲ್ ಅಳತೆಯನ್ನು ದೂರದಿಂದ ಗುಣಿಸಿ, ಲೆನ್ಸಿನ ಫೋಕಲ್ ಲೆಂತ್‌ನಿಂದ ಭಾಗಿಸಿ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾದಲ್ಲಿ ಪಿಕ್ಸೆಲ್ ಸುಮಾರು 0.0039 ಮಿಲಿಮೀಟರ್. ಚಾವಣಿ 6 ಮೀಟರ್ ದೂರ, ಲೆನ್ಸ್ 24 ಮಿಲಿಮೀಟರ್ ಆದರೆ ಒಂದು ಪಿಕ್ಸೆಲ್ ಚಾವಣಿಯ ಮೇಲೆ ಹತ್ತಿರ ಹತ್ತಿರ 1 ಮಿಲಿಮೀಟರ್ ಜಾಗ ನೋಡುತ್ತದೆ. ನಮ್ಮ ಕೆಲಸಕ್ಕೆ ಧಾರಾಳ.

ಜಾಗದಲ್ಲಿ ಮೊದಲ ಗಂಟೆ: ಕ್ಯಾಮೆರಾ ಚೀಲದಲ್ಲೇ ಇರಲಿ

ಪುಸ್ತಕ ತೆಗೆದು ಕೋಣೆಯ ನಕ್ಷೆ ಕೈಯಲ್ಲಿ ಬರೆಯಿರಿ. ನಾಲ್ಕು ಗೋಡೆ, ಎರಡು ಕರ್ಣ, ಬಾಗಿಲು ಎಲ್ಲಿ, ಕಮಾನು ಶುರುವಾಗುವ ಗೆರೆ ಎಷ್ಟು ಎತ್ತರ, ನೆತ್ತಿ ಎಷ್ಟು ಎತ್ತರ. ಲೇಸರ್ ಟೇಪಿನಲ್ಲಿ ಅರ್ಧ ಗಂಟೆ ಕೆಲಸ. ಬಿರುಕು, ತೇವದ ಕಲೆ, ಸಿಮೆಂಟ್ ತೇಪೆ ಎಲ್ಲಿದೆ ಎಂದು ಗುರುತು ಹಾಕಿ. ಚೌಕದ ಕೋಣೆ ಮೇಲೆ ದುಂಡಾಗುವುದು ಹೇಗೆ ಎಂದು ವಿಶೇಷವಾಗಿ ನೋಡಿ. ಮೂಲೆಗೆ ಅಡ್ಡಲಾಗಿ ಸಣ್ಣ ಕಮಾನು ಕಟ್ಟಿದ್ದಾರಾ, ಮೂಲೆಯನ್ನೇ ತ್ರಿಕೋನವಾಗಿ ಬಾಗಿಸಿದ್ದಾರಾ, ಅಥವಾ ಗೋಳಗುಮ್ಮಟದ ಹಾಗೆ ಕಮಾನುಗಳನ್ನು ಒಂದಕ್ಕೊಂದು ಹೆಣೆದಿದ್ದಾರಾ? ಕೈಯಲ್ಲಿ ಬರೆಯುವಾಗ ಕಣ್ಣಿಗೆ ಬೀಳುವುದು ಲೆನ್ಸಿನ ಹಿಂದೆ ನಿಂತರೆ ಬೀಳುವುದಿಲ್ಲ.

ಈಗ ಅಲ್ಯೂಮಿನಿಯಂ ಪಟ್ಟಿ. ಕಿಟಕಿ ಮಾಡುವವರ ಅಂಗಡಿಯಲ್ಲಿ ಸಿಗುವ ಚೌಕದ ಪೈಪು, ಎರಡು ಮೀಟರ್ ಚಿಲ್ಲರೆ ಉದ್ದದ್ದು. ಎರಡು ತುದಿಗೂ ಕಪ್ಪುಬಿಳಿ ಚೌಕದ ಗುರುತು ಅಂಟಿಸಿ. ಎರಡು ಗುರುತುಗಳ ನಡುವಣ ಅಂತರವನ್ನು ಸ್ಟೀಲ್ ಟೇಪಿನಲ್ಲಿ ಮಿಲಿಮೀಟರ್ ಬಿಡದೆ ಅಳೆದು ಬರೆದಿಡಿ. ಕೋಣೆಯ ಮೂರು ಕಡೆ ಇವನ್ನು ಸಣ್ಣ ಸ್ಟ್ಯಾಂಡಿಗೆ ಬಿಗಿದು ನಿಲ್ಲಿಸಿ, ತೂಗುಗುಂಡು ಬಿಟ್ಟು ಎರಡೂ ದಿಕ್ಕಿನಲ್ಲಿ ಲಂಬ ಮಾಡಿ. ಒಂದೇ ಸಾಮಾನಿನಿಂದ ಎರಡು ಕೆಲಸ. ಮಾಡೆಲ್ಲಿಗೆ ಅಳತೆಯೂ ಸಿಗುತ್ತದೆ, ಯಾವುದು ನೆಟ್ಟಗೆ ಮೇಲೆ ಅನ್ನುವುದೂ ಸಿಗುತ್ತದೆ. ಹಳೇ ಕಟ್ಟಡದ ನೆಲವನ್ನು ಮಟ್ಟ ಎಂದು ನಂಬಬೇಡಿ, ಗೋಡೆಯನ್ನು ಲಂಬ ಎಂದು ನಂಬಬೇಡಿ. ಅವು ಸರಿಯಾಗಿವೆಯೇ ಎಂದು ನೋಡಲು ತಾನೇ ನೀವು ಹೋಗಿರುವುದು?

ಫೋಟೋ ತೆಗೆಯುವುದು

ಫೋಕಸ್ ಒಂದು ಸಲ ಮಾಡಿ ಮ್ಯಾನುಯಲ್‌ಗೆ ಬದಲಿಸಿ, ಮತ್ತೆ ಮುಟ್ಟಬೇಡಿ. ಅಪರ್ಚರ್ ಎಫ್ 8, ಐಎಸ್‌ಒ 100 ಅಥವಾ 200, ಶಟರ್ ಎಷ್ಟಾದರೂ ಆಗಲಿ, ಎರಡು ಸೆಕೆಂಡ್ ಟೈಮರ್. ಹೊರಗಿನ ಬೆಳಕು ಬರುವ ಬಾಗಿಲು ಚೌಕಟ್ಟಿನೊಳಗೆ ಬರದಂತೆ ನೋಡಿಕೊಳ್ಳಿ. ಮೋಡ ಕವಿದ ದಿನವಾದರೆ ಅದೃಷ್ಟ. ಲೈಟುಗಳು ನಿಂತಲ್ಲೇ ನಿಂತಿರಲಿ. ಕ್ಯಾಮೆರಾ ಜೊತೆ ಲೈಟೂ ನಡೆದರೆ ಪ್ರತಿ ಫೋಟೋದಲ್ಲೂ ನೆರಳು ಬೇರೆ ಕಡೆ ಬೀಳುತ್ತದೆ, ಸಾಫ್ಟ್‌ವೇರ್ ಆ ನೆರಳನ್ನೇ ಗುರುತು ಎಂದು ಹಿಡಿಯುತ್ತದೆ.

ಸುಣ್ಣ ಹೊಡೆದ ಗುಮ್ಮಟದ ದೊಡ್ಡ ತಲೆನೋವು ಏನೆಂದರೆ, ಹಿಡಿಯಲು ಗುರುತೇ ಇಲ್ಲ. ಮೊದಲ ಸಲ ನಾನು ಒಂದು ಗುಮ್ಮಟದಲ್ಲಿ 400 ಫೋಟೋ ತೆಗೆದು ಖುಷಿಯಾಗಿ ಮನೆಗೆ ಬಂದೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿತು. ಬೆಳಿಗ್ಗೆ ನೋಡಿದರೆ ಗೋಡೆಗಳು ಬಂದಿವೆ, ಬಿರುಕು ಬಂದಿದೆ, ಬಾವಲಿಯ ಕಲೆ ಬಂದಿದೆ, ನೆತ್ತಿ ಇರಬೇಕಾದ ಜಾಗದಲ್ಲಿ ದೊಡ್ಡ ತೂತು! ಲೈಟನ್ನು ಗುಮ್ಮಟಕ್ಕೆ ನೇರವಾಗಿ ಹಿಡಿದಿದ್ದೇ ತಪ್ಪು. ಗೋಡೆಯ ಪಕ್ಕದಿಂದ ಓರೆಯಾಗಿ ಹಿಡಿದರೆ ಕರಣೆಯ ಗೀರುಗಳು, ಸುಣ್ಣದ ಪದರದ ಅಂಚುಗಳು ಎದ್ದು ಕಾಣುತ್ತವೆ. ಅದೂ ಸಾಲದಿದ್ದರೆ ಶಾಲೆಯ ಪ್ರೊಜೆಕ್ಟರ್ ಒಂದನ್ನು ನೆಲದ ಮೇಲಿಟ್ಟು ಚುಕ್ಕಿಚುಕ್ಕಿ ಚಿತ್ರವನ್ನು ಗುಮ್ಮಟಕ್ಕೆ ಬಿಡಿ. ಫೋಟೋ ಮುಗಿಯುವ ತನಕ ಪ್ರೊಜೆಕ್ಟರ್ ಒಂದು ಕೂದಲೆಳೆಯೂ ಅಲ್ಲಾಡಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಕ್ಯಾಮೆರಾವನ್ನು ನೆಟ್ಟಗೆ ಮೇಲಕ್ಕೆ ಮಾಡಿಕೊಂಡು, ಸಾಲಾಗಿ ಹೆಜ್ಜೆ ಹಾಕುತ್ತಾ ಫೋಟೋ ತೆಗೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದೊಂದನ್ನೇ ಮಾಡಿದರೆ ಮೋಸ ಹೋಗುತ್ತೀರಿ. ಲೆನ್ಸಿನ ಸಣ್ಣ ಬಾಗನ್ನು ಸಾಫ್ಟ್‌ವೇರ್ ತಪ್ಪಾಗಿ ಅಂದಾಜು ಮಾಡಿದಾಗ, ಒಂದೇ ದಿಕ್ಕಿಗೆ ನೋಡುವ ಫೋಟೋಗಳಲ್ಲಿ ಆ ತಪ್ಪು ಮಾಡೆಲ್ಲಿನ ಬಾಗಾಗಿ ಸೇರಿಕೊಳ್ಳುತ್ತದೆ. ಚಪ್ಪಟೆ ಚಾವಣಿಯೂ ಸ್ವಲ್ಪ ಗುಮ್ಮಟವಾಗಿ ಕಾಣುತ್ತದೆ. ಡ್ರೋನ್ ಸರ್ವೇ ಮಾಡುವವರಿಗೆ ಈ ಕಾಟ ಚೆನ್ನಾಗಿ ಗೊತ್ತು, ಅವರು ಇದಕ್ಕೆ ಡೋಮಿಂಗ್ ಅಂತಲೇ ಅನ್ನುತ್ತಾರೆ. ಗುಮ್ಮಟ ಅಳೆಯಲು ಹೋದವನಿಗೆ ಗುಮ್ಮಟದ ಆಕಾರದ್ದೇ ತಪ್ಪು! ಚಪ್ಪಟೆ ನೆಲದಲ್ಲಾದರೆ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ನಿಜದ ಬಾಗಿನ ಜೊತೆ ಸುಳ್ಳು ಬಾಗು ಬೆರೆತು ಕೂರುತ್ತದೆ, ಪತ್ತೆಯೇ ಆಗುವುದಿಲ್ಲ.

ಅದಕ್ಕೇ ಹೀಗೆ ಮಾಡಿ. ಮೊದಲು ನೆಲದ ಮೇಲೆ ಮೀಟರಿಗೊಂದು ಜಾಗದಲ್ಲಿ ನೆಟ್ಟಗೆ ಮೇಲಕ್ಕೆ ಒಂದು ಸುತ್ತು. ಆಮೇಲೆ ಗೋಡೆಗೆ ಬೆನ್ನು ಕೊಟ್ಟು, ಎದುರಿನ ಗೋಡೆಯ ಮೇಲಿನ ಬಾಗನ್ನು 45 ಡಿಗ್ರಿ ಓರೆಯಲ್ಲಿ ನೋಡುತ್ತಾ ಇನ್ನೊಂದು ಸುತ್ತು. ಅದೇ ಜಾಗಗಳಲ್ಲಿ ಕ್ಯಾಮೆರಾವನ್ನು ಉದ್ದುದ್ದ ತಿರುಗಿಸಿ ಮತ್ತೊಂದು ಸುತ್ತು. ಕೊನೆಗೆ ಗೋಡೆಗಳದ್ದು, ಅಲ್ಯೂಮಿನಿಯಂ ಪಟ್ಟಿಗಳು ಚೆನ್ನಾಗಿ ಕಾಣುವ ಹಾಗೆ. ಪಕ್ಕಪಕ್ಕದ ಫೋಟೋಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾಗ ಇರಬೇಕು. 6 ಮೀಟರ್ ಚೌಕದ ಕೋಣೆಗೆ 200 ಫೋಟೋ ಆಸುಪಾಸು ಆಗುತ್ತದೆ. ಜಾಸ್ತಿ ತೆಗೆದರೆ ಜಾಸ್ತಿ ಒಳ್ಳೆಯದು ಅಂತೇನಿಲ್ಲ. ಬೇರೆ ಬೇರೆ ಓರೆ ಮುಖ್ಯ.

ಕಂಪ್ಯೂಟರಿನಲ್ಲಿ

ಫೋಟೋಗ್ರಾಮೆಟ್ರಿ ಸಾಫ್ಟ್‌ವೇರುಗಳಲ್ಲಿ ಮೆಟಾಶೇಪ್ ದುಡ್ಡು ಕೊಟ್ಟು ಕೊಳ್ಳುವಂಥದ್ದು. ಮೆಶ್‌ರೂಮ್, ಕೋಲ್‌ಮ್ಯಾಪ್ ಉಚಿತ, ಆದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾತ್ರ ಪೂರ್ತಿ ಕೆಲಸ ಮಾಡುತ್ತವೆ. ಯಾವುದಾದರೂ ಕ್ರಮ ಒಂದೇ: ಫೋಟೋಗಳನ್ನು ಹೊಂದಿಸು, ಕೆಟ್ಟ ಚುಕ್ಕಿಗಳನ್ನು ತೆಗೆ, ಅಳತೆ ಕೊಡು, ದಟ್ಟವಾದ ಪಾಯಿಂಟ್ ಕ್ಲೌಡ್ ಮಾಡು.

ಅಳತೆ ಕೊಡುವಾಗ ಒಂದು ಸಣ್ಣ ಜಾಣತನ. ಮೂರು ಪಟ್ಟಿಗಳಲ್ಲಿ ಎರಡನ್ನು ಮಾತ್ರ ಸಾಫ್ಟ್‌ವೇರಿಗೆ ಹೇಳಿ. ಮೂರನೆಯದನ್ನು ಬಚ್ಚಿಡಿ. ಮಾಡೆಲ್ ಆದ ಮೇಲೆ ಅದನ್ನು ಅಳೆದು ನೋಡಿ. ಸ್ಟೀಲ್ ಟೇಪಿನ ಅಳತೆಗೂ ಇದಕ್ಕೂ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಸರಿ. ಒಂದೆರಡು ಸೆಂಟಿಮೀಟರ್ ಇದ್ದರೆ ಮುಂದೆ ಹೋಗಬೇಡಿ. ಮೊದಲ ಗಂಟೆಯಲ್ಲಿ ಲೇಸರ್ ಟೇಪಿನಿಂದ ತೆಗೆದ ನೆತ್ತಿಯ ಎತ್ತರ ಇದೆಯಲ್ಲ, ಅದನ್ನೂ ಈಗ ಹೋಲಿಸಿ. ಡೋಮಿಂಗ್ ತಪ್ಪು ಸಿಕ್ಕಿಬೀಳುವುದು ಇಲ್ಲೇ.

ಮುಂದಿನ ಕೆಲಸಕ್ಕೆಲ್ಲ ಪಾಯಿಂಟ್ ಕ್ಲೌಡ್ ಕತ್ತರಿಸಿ ಅಳೆಯುವ ಕ್ಲೌಡ್‌ಕಂಪೇರ್ ಅನ್ನುವ ಸಾಫ್ಟ್‌ವೇರ್ ಸಾಕು. ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಬಾವಲಿ, ವೈರು, ಫ್ಯಾನು ಎಲ್ಲ ಕತ್ತರಿಸಿ ತೆಗೆಯಿರಿ. 5 ಮಿಲಿಮೀಟರಿಗೊಂದು ಚುಕ್ಕಿ ಉಳಿಯುವಂತೆ ತೆಳು ಮಾಡಿ. ಪಟ್ಟಿಗಳನ್ನು ಹಿಡಿದು ಮಾಡೆಲ್ಲನ್ನು ನೆಟ್ಟಗೆ ನಿಲ್ಲಿಸಿ.

ಮೊದಲು ಅಡ್ಡ ಹೋಳು ಮಾಡಿ. ಕುಂಬಳಕಾಯಿಯನ್ನು ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ ಹಾಗೆ, 10 ಸೆಂಟಿಮೀಟರಿಗೊಂದು. ಕೆಳಗೆ ಚೌಕ, ಅದರ ಮೇಲೆ ಎಂಟು ಮೂಲೆ, ಅದರ ಮೇಲೆ ದುಂಡು, ಹೀಗೆ ಆಕಾರ ಬದಲಾಗುವುದು ಒಂದೇ ನೋಟದಲ್ಲಿ ಕಾಣುತ್ತದೆ. ಪ್ರತಿ ದುಂಡಿನ ಕೇಂದ್ರ ಗುರುತಿಸಿ. ಅವೆಲ್ಲ ಒಂದರ ಮೇಲೊಂದು ಒಂದೇ ಲಂಬದಲ್ಲಿ ಕೂರಬೇಕು. ಎಲ್ಲವೂ ಸಮನಾಗಿ ಒಂದೇ ಕಡೆಗೆ ಜಾರುತ್ತಾ ಹೋದರೆ ಗುಮ್ಮಟ ವಾಲಿದೆ ಎಂದು ಊರಿಗೆಲ್ಲ ಹೇಳುವ ಮೊದಲು ನಿಮ್ಮ ಪಟ್ಟಿ ಲಂಬವಾಗಿತ್ತಾ ನೋಡಿಕೊಳ್ಳಿ. ನಮಗೆ ಒಮ್ಮೆ ಆಗಿದ್ದು ಅದೇ. ಸ್ಟ್ಯಾಂಡಿನ ಒಂದು ಕಾಲು ಚಾಪೆಯ ಮೇಲೆ ನಿಂತಿತ್ತು.

ಗೂಟ ಹುಡುಕುವುದು

ಈಗ ಉದ್ದ ಹೋಳು. ನೆತ್ತಿಯ ಮೂಲಕ ಹಾಯುವಂತೆ 15 ಡಿಗ್ರಿಗೊಂದು, ಒಟ್ಟು 12. ಪ್ರತಿ ಹೋಳಿನಲ್ಲೂ ಗುಮ್ಮಟದ ಬಾಗು ಒಂದು ತೆಳು ಗೆರೆಯಾಗಿ ಸಿಗುತ್ತದೆ.

ಲೆಕ್ಕಕ್ಕೆ ಅಂತ ಒಂದು ಗುಮ್ಮಟ ಕಟ್ಟೋಣ. ಒಳಗಿನ ಅಗಲ 6 ಮೀಟರ್. ಶುರುವಾಗುವ ಗೆರೆಯಿಂದ ನೆತ್ತಿಗೆ 3.35 ಮೀಟರ್. ಅರ್ಧಗೋಳವಾಗಿದ್ದರೆ 3 ಮೀಟರ್ ಇರಬೇಕಿತ್ತು. 35 ಸೆಂಟಿಮೀಟರ್ ಜಾಸ್ತಿ ಇದೆ. ಯಾಕೆ?

ಒಂದು ಊಹೆ ಹೀಗಿದೆ: ಮೇಸ್ತ್ರಿ ಗೋಡೆಯನ್ನು 35 ಸೆಂಟಿಮೀಟರ್ ನೆಟ್ಟಗೆ ಎಬ್ಬಿಸಿ, ಅದರ ಮೇಲೆ ಸರಿಯಾದ ಅರ್ಧಗೋಳ ಕೂರಿಸಿದ. ಒಂದೇ ಗೂಟ, 3 ಮೀಟರ್ ಹಗ್ಗ. ಇನ್ನೊಂದು ಊಹೆ: ಎರಡು ಗೂಟ ನೆಟ್ಟ, ನಡುವಿನಿಂದ ಆ ಕಡೆಗೊಂದು ಈ ಕಡೆಗೊಂದು. ಬಲಗಡೆಯ ಬಾಗನ್ನು ಎಡಗಡೆಯ ಗೂಟದಿಂದ ಎಳೆದ, ಎಡಗಡೆಯದನ್ನು ಬಲಗಡೆಯಿಂದ. ನೆತ್ತಿ ಸ್ವಲ್ಪ ಚೂಪಾಯಿತು. ಲೆಕ್ಕ ಮಾಡಿದರೆ ಹಗ್ಗ 3.37 ಮೀಟರ್, ಎರಡು ಗೂಟಗಳ ನಡುವೆ ಸುಮಾರು 75 ಸೆಂಟಿಮೀಟರ್. ಅಂದರೆ ಅಗಲದ ಎಂಟನೇ ಒಂದು ಪಾಲು. ಕೋಣೆಯ ಅಗಲದಷ್ಟು ಉದ್ದದ ಹಗ್ಗವನ್ನು ಮೂರು ಸಲ ಅರ್ಧಕ್ಕೆ ಮಡಚಿದರೆ ಸಿಗುವ ಅಳತೆ.

ಅಗಲವೂ ಒಂದೇ, ಎತ್ತರವೂ ಒಂದೇ. ಟೇಪು ಹಿಡಿದು ಎರಡು ಅಳತೆ ತಂದವನಿಗೆ ಇವೆರಡರಲ್ಲಿ ಯಾವುದು ಎಂದು ಹೇಳಲು ಆಗುವುದೇ ಇಲ್ಲ. ನಡುವಿನ ಬಾಗು ಬೇಕು. ಶುರುವಿನ ಗೆರೆಯಿಂದ 1.5 ಮೀಟರ್ ಮೇಲೆ ನೋಡಿ. ಎರಡು ಗೂಟದ್ದಾದರೆ ಗುಮ್ಮಟದ ಮೈ ನಡುವಿನಿಂದ 2.65 ಮೀಟರ್ ದೂರ ಇರುತ್ತದೆ. ಒಂದು ಗೂಟದ್ದಾದರೆ 2.77. ಇನ್ನೂ ಮೇಲೆ, 2.5 ಮೀಟರಿನಲ್ಲಿ, 1.89 ಮತ್ತು 2.09. ವ್ಯತ್ಯಾಸ 12ರಿಂದ 20 ಸೆಂಟಿಮೀಟರ್. ನಮ್ಮ ಅಳತೆಯ ತಪ್ಪು 1 ಸೆಂಟಿಮೀಟರ್. ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಯಾರಾದರೂ ಕೇಳಿದರೆ ನಾನು ಈ ಲೆಕ್ಕ ತೋರಿಸುತ್ತೇನೆ.

ಹಾಗಾಗಿ ಹೋಳಿನ ಎಡಭಾಗ, ಬಲಭಾಗ ಬೇರೆ ಬೇರೆ ಮಾಡಿ, ಒಂದೊಂದಕ್ಕೂ ವೃತ್ತ ಕೂರಿಸಿ. ಮೂರು ಚುಕ್ಕಿ ಆರಿಸಿ ವೃತ್ತ ಎಳೆಯಬೇಡಿ. ಮೂರರಲ್ಲಿ ಒಂದು ಗಾರೆಯ ಉಬ್ಬಿನ ಮೇಲೆ ಬಿದ್ದರೆ ಕೇಂದ್ರ ಎಲ್ಲಿಗೋ ಹೋಗುತ್ತದೆ. ಎಲ್ಲ ಚುಕ್ಕಿಗಳನ್ನೂ ಸೇರಿಸಿ ಸರಾಸರಿ ತಪ್ಪು ಕನಿಷ್ಠವಾಗುವಂತೆ ಕೂರಿಸುವ ಸೌಲಭ್ಯ ಸಾಫ್ಟ್‌ವೇರುಗಳಲ್ಲಿದೆ. ಕೂರಿಸಿದ ಮೇಲೆ ಉಳಿದ ತಪ್ಪನ್ನು ನೋಡಿ. ಚುಕ್ಕಿಗಳು ಗೆರೆಯ ಆಚೀಚೆ ಸುಮ್ನೆ ಚೆಲ್ಲಿದ ಹಾಗಿದ್ದರೆ ಊಹೆ ಸರಿ. ಕೆಳಗೆ ಒಳಗಿದ್ದು, ನಡುವೆ ಹೊರಗಿದ್ದು, ಮೇಲೆ ಮತ್ತೆ ಒಳಗೆ, ಹೀಗೆ ಅಲೆ ಕಂಡರೆ ಒಂದು ವೃತ್ತ ಸಾಲದು. ನಾಲ್ಕು ಗೂಟದ ಕಮಾನು ಇರಬಹುದು: ಕೆಳಗಿನ ಬಾಗಿಗೆ ಚಿಕ್ಕ ಹಗ್ಗ, ಮೇಲಿನದಕ್ಕೆ ಉದ್ದದ ಹಗ್ಗ. ಮೊಗಲರ ಕಟ್ಟಡಗಳಲ್ಲಿ ಇದು ಮಾಮೂಲು.

ಬಾಗು ಕಡಿಮೆ ಇದ್ದಷ್ಟೂ ಕೇಂದ್ರ ಕೈಗೆ ಸಿಗುವುದು ಕಷ್ಟ. ಗೋದಾಮಿನ ಜಾಕ್ ಆರ್ಚ್ ತೆಗೆದುಕೊಳ್ಳಿ. ಅಗಲ 1.2 ಮೀಟರ್, ನಡುವಿನ ಎತ್ತರ 12 ಸೆಂಟಿಮೀಟರ್ ಆದರೆ ಹಗ್ಗ 1.56 ಮೀಟರ್. ಎತ್ತರ ಅಳೆಯುವಾಗ ಒಂದೇ ಸೆಂಟಿಮೀಟರ್ ತಪ್ಪಿ 13 ಎಂದು ಬರೆದರೆ ಹಗ್ಗ 1.45ಕ್ಕೆ ಇಳಿಯುತ್ತದೆ. ಒಂದಕ್ಕೆ ಹನ್ನೊಂದು! ಗುಮ್ಮಟದ ತುಂಡೊಂದನ್ನೇ ಅಳೆದು ತ್ರಿಜ್ಯ ಹೇಳುವವರನ್ನು ನಂಬಬೇಡಿ.

ಇನ್ನೊಂದು ಆಸೆಯನ್ನೂ ಸ್ವಲ್ಪ ಹಿಡಿದಿಡಿ. ಹಗ್ಗದ ಉದ್ದ ಸಿಕ್ಕ ಕೂಡಲೇ ಅದು ಎಷ್ಟು ಗಜ, ಎಷ್ಟು ಮೊಳ ಎಂದು ಭಾಗಿಸಲು ಕೈ ತುರಿಸುತ್ತದೆ. ಗಜದ ಅಳತೆ ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗಿದೆ. ಯಾವುದೋ ಒಂದು ಗಜದಿಂದ ಭಾಗಿಸಿದರೆ ಯಾವ ಸಂಖ್ಯೆಯೂ ಪೂರ್ತಿ ಬರುತ್ತದೆ. ಪಾಲುಗಳ ಲೆಕ್ಕ, ಅಂದರೆ ಅಗಲದ ಎಂಟನೇ ಒಂದು, ಐದನೇ ಒಂದು ಅನ್ನುವುದು ಹೆಚ್ಚು ಗಟ್ಟಿ. ಅದಕ್ಕೆ ಯಾವ ಗಜವೂ ಬೇಕಿಲ್ಲ.

ಗಾರೆ, ಎಡವಟ್ಟು, ಕುಸಿತ

ಕೊನೆಗೆ ಇಡೀ ಗುಮ್ಮಟದಿಂದ ನೀವು ಕಂಡುಹಿಡಿದ ಆಕಾರವನ್ನು ಕಳೆದು, ವ್ಯತ್ಯಾಸಕ್ಕೆ ಬಣ್ಣ ಹಚ್ಚಿ ನೋಡಿ. ಹೊರಗೆ ಹೋದ ಕಡೆ ಕೆಂಪು, ಒಳಗೆ ಬಂದ ಕಡೆ ನೀಲಿ. ಇಲ್ಲಿ ಮೂರು ವಿಷಯಗಳು ಬೆರೆತಿರುತ್ತವೆ: ಮೇಸ್ತ್ರಿ ಮನಸ್ಸಿನಲ್ಲಿದ್ದದ್ದು, ಕಟ್ಟುವಾಗ ಕೈ ತಪ್ಪಿದ್ದು, ಆಮೇಲೆ ಕಟ್ಟಡ ಅಲುಗಿದ್ದು. ಕೈ ತಪ್ಪಿದ್ದು ಒಂದು ಕಡೆ ಮಚ್ಚೆಯ ಹಾಗೆ ಇರುತ್ತದೆ. ಅಲುಗಿದ್ದಕ್ಕೆ ಸಾಕ್ಷಿ ಬೇರೆ ಕಡೆಯೂ ಸಿಗುತ್ತದೆ. ಗುಮ್ಮಟ ಬುಡದಲ್ಲಿ ಹೊರಕ್ಕೆ ತಳ್ಳಿದರೆ ನೆತ್ತಿ ಸ್ವಲ್ಪ ಕೆಳಗಿಳಿಯುತ್ತದೆ, ಬುಡದಿಂದ ಮೇಲಕ್ಕೆ ಕಿತ್ತಳೆ ತೊಳೆಯ ಗೆರೆಗಳ ಹಾಗೆ ಬಿರುಕು ಬಿಡುತ್ತದೆ, ಗೋಡೆಯ ತಲೆ ಹೊರಕ್ಕೆ ಬಾಗುತ್ತದೆ. ಮೊದಲ ಗಂಟೆಯಲ್ಲಿ ಬರೆದ ಬಿರುಕಿನ ನಕ್ಷೆಯನ್ನು ಬಣ್ಣದ ಚಿತ್ರದ ಪಕ್ಕದಲ್ಲಿಡಿ. ಎರಡೂ ಒಂದೇ ಮಾತು ಹೇಳುತ್ತಿದ್ದರೆ ಇಲಾಖೆಗೆ ತಿಳಿಸಿ. ಬಣ್ಣದ ಚಿತ್ರ ಒಂದನ್ನೇ ಹಿಡಿದು ‘ಗುಮ್ಮಟ ಬೀಳುತ್ತಿದೆ’ ಎಂದು ಹಂಚಬೇಡಿ.

ಫೋಟೋಗಳ ಮೂಲ ಪ್ರತಿ, ಪಾಯಿಂಟ್ ಕ್ಲೌಡ್, ಹೋಳುಗಳು, ಕೈಬರಹದ ನಕ್ಷೆಯ ಸ್ಕ್ಯಾನು, ಎಲ್ಲವನ್ನೂ ಎರಡು ಡಿಸ್ಕಿನಲ್ಲಿಡಿ. ಜೊತೆಗೆ ದಿನ, ಕ್ಯಾಮೆರಾ, ಪಟ್ಟಿಗಳ ಅಳತೆ, ಬಚ್ಚಿಟ್ಟ ಪಟ್ಟಿಯಲ್ಲಿ ಎಷ್ಟು ತಪ್ಪು ಬಂತು, ಇಷ್ಟನ್ನು ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಅದೇ ಗುಮ್ಮಟ ಅಳೆದರೆ ಹೋಲಿಸಲು ಬೇಕಾಗುವುದು ಆ ಪುಟ.

ನಮ್ಮ ಮೊದಲ ಹೋಳಿನ ಚಿತ್ರವನ್ನು ಪ್ರಿಂಟ್ ತೆಗೆದು, ಆ ಬೀದಿಯ ಮೇಸ್ತ್ರಿಗೇ ತೋರಿಸಿದೆ. ವೃತ್ತ, ಕೇಂದ್ರ, ಬಣ್ಣ ಎಲ್ಲ ನೋಡಿದರು. ಎರಡು ಕೇಂದ್ರಗಳ ಮೇಲೆ ಬೆರಳಿಟ್ಟು ‘ಇಲ್ಲಿ ಎರಡು ಮೊಳೆ’ ಅಂದರು. ಆಮೇಲೆ ಕೇಳಿದರು: ‘ಸಾರ್, ಗಾರೆ ಎಷ್ಟು ದಪ್ಪ ಅಂತ ಬಿಟ್ಟಿದ್ದೀರಿ? ಅವರು ಹಗ್ಗ ಹಿಡಿದಿದ್ದು ಇಟ್ಟಿಗೆಗೆ ತಾನೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಅಳೆದದ್ದು ಗಾರೆಯ ಮೈಯನ್ನು, ಅದರ ಮೇಲೆ ಎಷ್ಟೋ ವರ್ಷ ಬಳಿದ ಸುಣ್ಣವನ್ನು. ಆವತ್ತಿನಿಂದ ಗಾರೆ ಉದುರಿದ ಜಾಗ ಎಲ್ಲೇ ಕಂಡರೂ ಅದರ ಅಂಚಿನ ಹತ್ತಿರದ ಫೋಟೋಗಳನ್ನು ಬೇರೆ ತೆಗೆದು, ದಪ್ಪ ಎಷ್ಟಿದೆ ಎಂದು ಮಾಡೆಲ್ಲಿನಲ್ಲೇ ಅಳೆಯುತ್ತೇನೆ. ಹಗ್ಗದ ಉದ್ದ ಬರೆಯುವಾಗ ಅಷ್ಟನ್ನು ಕೂಡಿಸುತ್ತೇನೆ. ಉದುರಿದ ಜಾಗ ಸಿಗದ ಕಡೆ ‘ಗಾರೆ ಸೇರಿಸಿಲ್ಲ’ ಎಂದು ಚಿತ್ರದ ಮೂಲೆಯಲ್ಲಿ ಬರೆಯುತ್ತೇನೆ.